ಎಡಕ್ಕೆ ವಾಲುವ ಕಾರು

"ಸೊಂಟ ಮುರಿದ ಗಾಡೀನ ನನ್ನ ತಲೆಗೆ ಕಟ್ಟಿದೀಯಲ್ಲಣ್ಣ, ನೀನೂ ಒಬ್ಬ ಮನುಷ್ಯನೇನಣ್ಣ?"

"ಲೇ ಬೆಟ್ಟಸ್ವಾಮಿ, ನಾಲಿಗೆ ಬಿಗಿಹಿಡಿದು ಮಾತಾಡ್ಲಾ! ಹನ್ನೆರಡು ವರ್ಷ ಅದ್ರಾಗೆ ಓಡಾಡಿದೀನಿ. ದಾರ ಎಳೆದಂಗೆ ಹೋಗ್ತಿತ್ತು. ನಿನಗೆ ಓಡ್ಸಕ್ಕೆ ಬರ್ದಿದ್ರೆ ಎತ್ತಿನ ಗಾಡಿ ಕಟ್ಕೋ ಹೋಗು!"

ತಿಪಟೂರಿನ ಪೇಟೆಬೀದಿಯಲ್ಲಿ, ಮರುಳಸಿದ್ದಯ್ಯನ ಕೊಬ್ಬರಿ ಮಂಡಿಯ ಮುಂದೆ, ಬೆಳಗ್ಗೆ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೇ ಈ ಕೂಗಾಟ ನಡೆದಿತ್ತು. ಇಬ್ಬರೂ ಷಡ್ಡಕರು. ಅಕ್ಕನನ್ನು ಮದುವೆಯಾದ ಮರುಳಸಿದ್ದಯ್ಯ ಕೊಬ್ಬರಿ ಸಾಹುಕಾರ. ತಂಗಿಯನ್ನು ಮದುವೆಯಾದ ಬೆಟ್ಟಸ್ವಾಮಿ ನಾರಿನ ಹಗ್ಗದ ಅಂಗಡಿಯವನು. ಸಾಹುಕಾರ ತೋಟ ಸುತ್ತಲು ಜೀಪು ಕೊಂಡು, ತನ್ನ ಹಳೇ ಕರಿ ಕಾರನ್ನು ಹಿಂದಿನ ತಿಂಗಳು ಬೆಟ್ಟಸ್ವಾಮಿಗೆ ಮಾರಿದ್ದ.

ಮನೆಗೆ ಬಂದ ದಿನದಿಂದ ಕಾರು ಎಡಕ್ಕೆ ವಾಲಿಕೊಂಡೇ ನಿಲ್ಲುತ್ತಿತ್ತು. ರಸ್ತೆಗೆ ಇಳಿದರೆ ಮುಂಭಾಗ ಒಂದು ದಾರಿ, ಹಿಂಭಾಗ ಒಂದು ದಾರಿ. ತಿರುವು ಬಂತೆಂದರೆ ಹಾಲು ಕರೆಯಲು ಬಿಡದ ಎಮ್ಮೆಯ ಹಾಗೆ ಹಿಂಭಾಗವನ್ನು ಅತ್ತ ಇತ್ತ ಬೀಸುತ್ತಿತ್ತು.

ಇಷ್ಟೇ ಆಗಿದ್ದರೆ ಬೆಟ್ಟಸ್ವಾಮಿ ಹಲ್ಲು ಕಚ್ಚಿಕೊಂಡು ಇರುತ್ತಿದ್ದ. ಆದರೆ ಮಾಯಸಂದ್ರಕ್ಕೆ ಕೊಟ್ಟಿದ್ದ ಮಗಳು ಗಿರಿಜಾಂಬಿಕಾ ಚೊಚ್ಚಲ ಬಸುರಿ. ತವರಿಗೆ ಕರೆತರಬೇಕು. ಏಳು ತಿಂಗಳು ಅಂದಿಗೆ ಮುಗಿಯುತ್ತಿತ್ತು. ಎಂಟರಲ್ಲಿ ಕರೆತರುವ ಪದ್ಧತಿ ಇಲ್ಲ. ಬೀಗರಾದ ಸದಾಶಿವಯ್ಯ ಹೋದ ವಾರ ತಿಪಟೂರಿಗೆ ಬಂದಿದ್ದವರು ಬಸ್ ನಿಲ್ದಾಣದವರೆಗೆ ಇದೇ ಕಾರಿನಲ್ಲಿ ಕೂತು, ತಲೆಗೆ ಬುಗುಟು ಮಾಡಿಕೊಂಡು ಇಳಿದಿದ್ದರು. ಇಳಿದವರೇ ಒಂದು ಮಾತು ಹೇಳಿದ್ದರು: "ನೆಟ್ಟಗೆ ಹೋಗೋ ಗಾಡಿ ತಂದ್ರೆ ಹುಡುಗೀನ ಕಳಿಸ್ತೀನಿ ಬೀಗರೇ. ಇಲ್ಲಾಂದ್ರೆ ಬಾಣಂತನ ನಮ್ಮನೇಲೇ ಆಗ್ಲಿ."

ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿ ಆಯಿತೆಂದರೆ ಬೆಟ್ಟಸ್ವಾಮಿಯ ಹೆಂಡತಿ ದ್ರಾಕ್ಷಾಯಣಮ್ಮ ಬೀದಿಯಲ್ಲಿ ತಲೆ ಎತ್ತುವಂತಿರಲಿಲ್ಲ. ಮದುವೆ ಕಾಲವಾದ್ದರಿಂದ ಊರಿನ ಟ್ಯಾಕ್ಸಿಗಳೆಲ್ಲ ದಿಬ್ಬಣಕ್ಕೆ ಹೋಗಿದ್ದವು. ಜೀಪಿನಲ್ಲಿ ಬಸುರಿಯನ್ನು ಕುಲುಕಿಸಿಕೊಂಡು ಬರುವ ಮಾತನ್ನು ಯಾರೂ ಎತ್ತಲಿಲ್ಲ.

"ಇವತ್ತು ಮಗಳು ಬರ್ದೇ ಹೋದ್ರೆ ನಿನ್ನ ಮನೆ ಹೊಸ್ತಿಲು ತುಳಿಯಲ್ಲ ಕಣಣ್ಣ!" ಎಂದು ಕೂಗಿ ಬೆಟ್ಟಸ್ವಾಮಿ ಕಾರನ್ನು ಮಾಯಣ್ಣನ ಗ್ಯಾರೇಜಿಗೆ ಹೊಡೆದ.

ಗ್ಯಾರೇಜಿನಲ್ಲಿ ಮಾಯಣ್ಣನಿಗಿಂತ ಮೊದಲು ಕಾರಿನ ಹತ್ತಿರ ಬಂದವನು ವೆಂಕಟಯ್ಯ. ಬಸ್ಸು ಓಡಿಸಿ ನಿವೃತ್ತನಾದವನು. ಊರಿನಲ್ಲಿ ಯಾರ ಗಾಡಿ ಕೆಟ್ಟರೂ ಹೆರಿಗೆ ಮನೆಗೆ ಬಂದ ಅತ್ತೆಯ ಹಾಗೆ ಹಾಜರಾಗುತ್ತಿದ್ದ.

"ಎಡಗಡೆ ಗಾಳಿ ಕಮ್ಮಿ," ಎಂದ ವೆಂಕಟಯ್ಯ.

ಗಾಳಿ ಹೊಡೆದರು. ವಾಲಿದ್ದು ವಾಲಿದ ಹಾಗೇ ಇತ್ತು.

"ಹಂಗಾದ್ರೆ ಶಾಕು ಹೋಗಿರ್ಬೇಕು."

ಮಾಯಣ್ಣ ಹಿಂದಿನ ಮೂಲೆಯನ್ನು ಮೈಭಾರ ಬಿಟ್ಟು ಅದುಮಿ ಕೈ ತೆಗೆದ. ಶಾಕು ಹೋಗಿದ್ದರೆ ಕಾರು ಕುಣಿಯುತ್ತಲೇ ಇರಬೇಕಿತ್ತು. ಅದು ಒಂದೇ ಸಲ ಎದ್ದು ಸುಮ್ಮನಾಯಿತು.

"ಅಚ್ಚು ಪಕ್ಕಕ್ಕೆ ಸರಿದದೆ. ಹಗ್ಗ ತಗಂಬನ್ನಿ!"

ಹಗ್ಗಕ್ಕೇನು ಬರವಿರಲಿಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಪಕ್ಕ ಹಗ್ಗ ಎಳೆದು ನೋಡಿದರು. ಹಗ್ಗ ಎರಡು ಕಡೆಯೂ ಸಮವಾಗಿತ್ತು. ವೆಂಕಟಯ್ಯ ಹಗ್ಗವನ್ನೇ ಅನುಮಾನಿಸಿದ. ಬೆಟ್ಟಸ್ವಾಮಿಗೆ ರೇಗಿತು. "ನನ್ನ ಅಂಗಡಿ ಹಗ್ಗಕ್ಕೆ ಹೆಸರಿಡ್ಬೇಡ ಕಣಯ್ಯ!"

ಮಾಯಣ್ಣ ತಲೆ ಕೆರೆದುಕೊಂಡ. "ಭಾರ ಹೊರೋ ಎಡಗಡೆ ಕಮಾನು ಸ್ಪ್ರಿಂಗು ಸೋತಿರ್ಬೇಕು ಕಣ್ರೀ. ಪಟ್ಟಿಗಳ ಕಟ್ಟು ಬಿಚ್ಚಿ ಕುಲುಮೆಗೆ ಹಾಕಿ ಬಗ್ಗಿಸ್ಬೇಕು. ನಾಳಿದ್ದು ಕೊಡ್ತೀನಿ."

"ನಾಳಿದ್ದು ತಗಂಡು ಏನು ಮಾಡ್ಲಿ? ಮೊಮ್ಮಗನ ನಾಮಕರಣಕ್ಕೆ ಹೋಗ್ಲಾ?"

"ಬಲಗಡೆ ಭಾರ ಹಾಕಿ, ಸಮ ಬತ್ತದೆ," ಎಂದು ವೆಂಕಟಯ್ಯ ಮತ್ತೆ ಬಾಯಿ ಹಾಕಿದ. ಹಿಂದಿನ ಸೀಟಿನ ಬಲಕ್ಕೆ ಎರಡು ಮೂಟೆ ತೆಂಗಿನಕಾಯಿ ಏರಿಸಿದರು. ಕಾರು ನೆಟ್ಟಗೆ ನಿಂತಿತು. ಬೆಟ್ಟಸ್ವಾಮಿ ಕೈಮುಗಿದು ಹೊರಟ. ಮೊದಲ ತಿರುವಿನಲ್ಲೇ ಮೂಟೆಗಳು ಎಡಕ್ಕೆ ಉರುಳಿದವು, ಒಂದರ ಬಾಯಿ ಬಿಚ್ಚಿತು, ಬಾಗಿಲು ತೆರೆದುಕೊಂಡಿತು. ಪೇಟೆಬೀದಿಯ ಉದ್ದಕ್ಕೂ ಕಾಯಿಗಳು ಇಳಿದುಕೊಂಡು ಹೋದವು. ಕಾಯಿಯೇ ಬೆಳೆಯುವ ಊರು. ಆದರೂ ಜನ ಯಾವತ್ತೂ ಕಾಯಿ ಕಂಡಿಲ್ಲದವರ ಹಾಗೆ ಬಾಚಿಕೊಂಡರು.

ಖಾಲಿ ಚೀಲ ಹಿಡಿದು ಬೆಟ್ಟಸ್ವಾಮಿ ಗ್ಯಾರೇಜಿಗೆ ವಾಪಸು ಬರುವ ಹೊತ್ತಿಗೆ ಅಲ್ಲಿ ಮರುಳಸಿದ್ದಯ್ಯ ನಿಂತಿದ್ದ. ಷಡ್ಡಕನಿಗೆ ಕುಂಟು ಗಾಡಿ ಮಾರಿದ ಎಂಬ ಸುದ್ದಿ ಆಗಲೇ ಪೇಟೆಯೆಲ್ಲ ಸುತ್ತಿ ಅವನ ಮಂಡಿಗೂ ಬಂದಿತ್ತು.

"ಎಲ್ಲಾರೂ ನೋಡ್ರಿ ಈಗ!" ಎಂದು ಗುಡುಗಿ, ಬಾಗಿಲು ತೆಗೆದು, ಹನ್ನೆರಡು ವರ್ಷ ಕೂತಿದ್ದ ಜಾಗದಲ್ಲೇ, ಹಿಂದಿನ ಸೀಟಿನ ಬಲಕ್ಕೆ, ಧೊಪ್ಪೆಂದು ಕೂತ.

ಕಾರು ಒಮ್ಮೆ ನರಳಿತು. ಆಮೇಲೆ ತಕ್ಕಡಿಯ ಮುಳ್ಳು ನಿಂತ ಹಾಗೆ ಸಮವಾಗಿ ನಿಂತಿತು.

ಬೆಟ್ಟಸ್ವಾಮಿ ಅವನನ್ನು ಕೂರಿಸಿಕೊಂಡೇ ಕೆರೆ ಏರಿಯವರೆಗೆ ಓಡಿಸಿ ಬಂದ. ತಿರುವಿನಲ್ಲೂ ಕಾರು ಮದುವಣಗಿತ್ತಿಯ ಹಾಗೆ ತಲೆ ಬಗ್ಗಿಸಿ ಹೋಯಿತು. ಮೂಟೆ ಉರುಳಿತ್ತು, ಸಾಹುಕಾರ ಉರುಳಲಿಲ್ಲ.

ಮಾಯಣ್ಣ ಕಾರಿನಡಿ ನುಗ್ಗಿ ಹೊರಬಂದ. "ಎಡಗಡೆ ಸೋತಿಲ್ಲ ಕಣ್ರೀ. ಬಲಗಡೆ ಕಮಾನಿಗೆ ಒಂದು ದಪ್ಪ ಪಟ್ಟಿ ಹೆಚ್ಚಿಗೆ ಹಾಕವ್ರೆ. ನನ್ನ ಕಣ್ಣಿಗೇ ಬೀಳ್ಲಿಲ್ಲ."

"ಯಾಕೆ ಹಾಕವ್ರೆ?" ಎಂದ ಮರುಳಸಿದ್ದಯ್ಯ.

ಮಾಯಣ್ಣ ಕೈಯ ಗ್ರೀಸು ಒರೆಸತೊಡಗಿದ. ಕೊನೆಗೆ ವೆಂಕಟಯ್ಯನೇ ಗಂಟಲು ಸರಿಮಾಡಿಕೊಂಡ. "ನಿಮ್ಮ ಹಳೇ ಡ್ರೈವರ್ ಗಿಡ್ಡಯ್ಯ ಹಾಕ್ಸಿರ್ಬೇಕು ಸಾವ್ಕಾರ್ರೇ. ನಿಮ್ಮ... ನಿಮ್ಮ ಗೌರವಕ್ಕೆ."

ಮರುಳಸಿದ್ದಯ್ಯನ ಮುಖ ಸಣ್ಣದಾಯಿತು. ಊರಿನಲ್ಲಿ ಅವನ ಗಾತ್ರದ ಬಗ್ಗೆ ಅವನ ಎದುರು ಮಾತಾಡಿದವರು ಇರಲಿಲ್ಲ. ಅವನಿಗಾಗಿ ಕಬ್ಬಿಣವನ್ನೇ ಹೊಸದಾಗಿ ಹಾಕಿಸಿದ್ದ ಗಿಡ್ಡಯ್ಯ ಕೂಡ ಒಂದು ಮಾತು ಆಡಿರಲಿಲ್ಲ. ಈಗ ಗ್ಯಾರೇಜಿನವರೆಲ್ಲ ನೋಡುತ್ತಿದ್ದರು.

ಹೆಚ್ಚಿನ ಪಟ್ಟಿ ಬಿಚ್ಚಲು ಸಂಜೆಯಾಗುತ್ತದೆಂದು ಮಾಯಣ್ಣ ಹೇಳಿದ. ಬೆಟ್ಟಸ್ವಾಮಿ ಹೆಗಲ ಮೇಲಿನ ಟವೆಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. "ಅಣ್ಣ, ಬೆಳಗ್ಗೆ ಅಂದಿದ್ದು ಮರ್ತುಬುಡು. ಹೋಗಿ ಬರೋವರ್ಗೂ ಇಲ್ಲೇ ಕೂತಿರಣ್ಣ."

"ನಿನ್ನ ಮುಖ ನೋಡ್ಕಂಡು ಬರಲ್ಲ ಕಣ್ಲಾ," ಎಂದ ಮರುಳಸಿದ್ದಯ್ಯ ನಿಧಾನವಾಗಿ. "ಗಿರಿಜಾ ನನ್ನ ತೊಡೆ ಮ್ಯಾಲೆ ಬೆಳೆದ ಮಗು. ಅದಕ್ಕೆ ಬತ್ತೀನಿ. ಆದ್ರೆ ಒಂದು ಮಾತು. ಈ ಪಟ್ಟಿ ವಿಚಾರ ಬೀಗರ ಮನೇಲಿ ಬಾಯಿ ಬಿಟ್ಟೀಯ ಜ್ವಾಕೆ."

"ನಮ್ಮಮ್ಮನಾಣೆ ಬಿಡಲ್ಲ."

ತುರುವೇಕೆರೆ ದಾಟಿ ಮಾಯಸಂದ್ರದವರೆಗೆ ಕಾರು ಒಮ್ಮೆಯೂ ಸೊಂಟ ಬೀಸಲಿಲ್ಲ. ಸದಾಶಿವಯ್ಯನವರು ಬೀದಿಗೆ ಬಂದು ಕಾರನ್ನು ಸುತ್ತು ಹಾಕಿದರು, ಬಗ್ಗಿ ನೋಡಿದರು, ತಲೆಯ ಬುಗುಟನ್ನು ಮುಟ್ಟಿಕೊಂಡರು. ಅವರು ನೋಡಿ ಮುಗಿಸುವವರೆಗೂ ಮರುಳಸಿದ್ದಯ್ಯ ಗುಡಿಯ ಬಸವಣ್ಣನಂತೆ ಒಳಗೆ ಅಲುಗಾಡದೆ ಕೂತಿದ್ದ.

"ಪರವಾಗಿಲ್ಲ. ಊಟ ಮಾಡಿ ಕರ್ಕೊಂಡು ಹೊರಡಿ," ಎಂದರು ಬೀಗರು.

ಕಾಯಿ ಒಬ್ಬಟ್ಟು ಮಾಡಿದ್ದರು. ನಡುಮನೆಯಲ್ಲಿ ಗಿರಿಜಾ ದೊಡ್ಡಪ್ಪನಿಗೆ ಎಲೆ ಹಾಕಿ ತುಪ್ಪ ಬಡಿಸುತ್ತಿದ್ದಳು. ಬೇಗ ಉಂಡೆದ್ದ ಬೆಟ್ಟಸ್ವಾಮಿ ಜಗಲಿಯಲ್ಲಿ ಬೀಗರ ಪಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹೊಟ್ಟೆ ತುಂಬಿತ್ತು, ಮಾನ ಉಳಿದಿತ್ತು. ಅವನಂಥವನು ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತು ಅದೇ.

"ಗಾಡಿಗೆ ಏನಾಗಿತ್ತು ಬೀಗರೇ?"

"ಹಿಂದುಗಡೆ ಕಮಾನು ಕಣ್ರೀ. ಊರಿನ ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿದ್ರು. ಕೊನೆಗೆ ನಾನೇ ಕಂಡುಹಿಡಿದು ಸರಿ ಮಾಡಿಸ್ದೆ."

"ಭೇಷ್. ಬಸುರೀನ ಕರೆಯೋಕೆ ಹೆಂಗಸ್ರನ್ನ ಕರ್ಕೊಂಡು ಬರೋದು ವಾಡಿಕೆ. ನಿಮ್ಮ ಷಡ್ಡಕರು ಬಂದವ್ರಲ್ಲ?"

ಬೆಟ್ಟಸ್ವಾಮಿ ಆಣೆಯನ್ನು ಮರೆತಿರಲಿಲ್ಲ. ಪಟ್ಟಿಯ ವಿಚಾರ ಎತ್ತುವಂತಿರಲಿಲ್ಲ. ಬೇರೆ ಏನಾದರೂ ಹೇಳಬೇಕಿತ್ತು.

"ಅಯ್ಯೋ, ನಾನೆಲ್ಲಿ ಕರೆದೆ? ಬೀಗರ ಮನೇಲಿ ಒಬ್ಬಟ್ಟು ಅಂತ ಕಿವಿಗೆ ಬಿತ್ತು ನೋಡಿ, ತಾನೇ ಹತ್ತಿ ಕೂತ್ಕೊಂಡ. ಹಿರಿಯ, ಇಳಿ ಅನ್ನಕ್ಕಾಗ್ತದಾ?"

ನಡುಮನೆಗೂ ಜಗಲಿಗೂ ಮಧ್ಯೆ ಇದ್ದದ್ದು ತೆರೆದ ಕಿಟಕಿ.

ಒಳಗೆ ಎಲೆ ಮಡಿಸಿದ ಸದ್ದಾಯಿತು. ಅರ್ಧ ಒಬ್ಬಟ್ಟು ಎಲೆಯಲ್ಲೇ ಉಳಿಯಿತು. ಮರುಳಸಿದ್ದಯ್ಯ ಕೈ ತೊಳೆದು, ಗಿರಿಜಾಳ ತಲೆ ಮುಟ್ಟಿ, "ಚೆನ್ನಾಗಿರು ತಾಯಿ," ಎಂದ. ಜಗಲಿ ದಾಟುವಾಗ ಬೆಟ್ಟಸ್ವಾಮಿಯ ಕಡೆ ತಿರುಗಿ ನೋಡಲಿಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ.

"ಎಲ್ಲಿಗೆ ಹೊರಟ್ರು?"

"ಹೊಗೆಸೊಪ್ಪು ತರಕ್ಕೆ," ಎಂದ ಬೆಟ್ಟಸ್ವಾಮಿ. "ಬತ್ತಾನೆ."

ಕಾದರು. ಗಿರಿಜಾ ಮಡಿಲಕ್ಕಿ ಕಟ್ಟಿಸಿಕೊಂಡು ಕಾದಳು. ಕತ್ತಲಾಗುವುದರೊಳಗೆ ತಿಪಟೂರು ಸೇರಬೇಕೆಂದು ಸದಾಶಿವಯ್ಯ ಎರಡು ಸಲ ಹೇಳಿದರು. ಕೊನೆಗೆ ಅತ್ತೆ ಸೊಸೆಯ ಕೈ ಹಿಡಿದು ಕಾರಿನ ಎಡಬಾಗಿಲಿನಿಂದ ಕೂರಿಸಿದರು.

ಕಾರು ನೀರಿಗಿಳಿದ ಎಮ್ಮೆಯ ಹಾಗೆ ನಿಧಾನವಾಗಿ ಎಡಕ್ಕೆ ಮಲಗಿತು. ಗಿರಿಜಾ, "ಅಪ್ಪಯ್ಯಾ!" ಎಂದು ಬಾಗಿಲು ಹಿಡಿದುಕೊಂಡಳು.

"ಬಲಗಡೆ ಯಾರಾದ್ರೂ ದಪ್ಪನೋರು..." ಎಂದು ಬೆಟ್ಟಸ್ವಾಮಿ ಸುತ್ತ ನೋಡಿದ. ಬೀಗರ ಮನೆಯವರೆಲ್ಲ ಒಣಗಿದ ಸೋಗೆಯ ಹಾಗಿದ್ದರು.

"ಸರಿಮಾಡ್ಸಿದೀನಿ ಅಂದ್ರಲ್ಲ ಬೀಗರೇ?"

ಸದಾಶಿವಯ್ಯ ಸೊಸೆಯನ್ನು ಕೈಹಿಡಿದು ಇಳಿಸಿ, ಒಳಗೆ ಕಳಿಸಿದರು. ಅವಳ ಟ್ರಂಕೂ ಹಿಂದೆಯೇ ಒಳಗೆ ಹೋಯಿತು.

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ತುರುವೇಕೆರೆಯ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಬಲಗಡೆ ಕಿಟಕಿಯಲ್ಲಿ ಒಂದು ಬಿಳಿ ಟವೆಲು ಕಾಣಿಸಿತು. ಬಸ್ಸು ಆ ಪಕ್ಕಕ್ಕೆ ಸ್ವಲ್ಪ ವಾಲಿತ್ತು.

ಸದಾಶಿವಯ್ಯ ಅದು ಕಣ್ಮರೆಯಾಗುವವರೆಗೂ ನೋಡಿದರು.

"ಆ ಬಸ್ಸಿಂದೂ ಕಮಾನು ಹೋಗಿದೆ ಅಂತ ಕಾಣ್ತದೆ," ಎಂದರು ಗಂಭೀರವಾಗಿ. "ಹೋಗಿ ನೋಡಿ ಬೀಗರೇ. ನಿಮಗೆ ಗೊತ್ತಾಗ್ತದಲ್ಲ."