ಚೀಟಿ ಬೇಡ ಎಂದ ಮೇಲೆ

ಈ ಕಥೆಯ ತಲೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಡಿಸ್ಪೆನ್ಸರಿಯ ಕಾಂಪೌಂಡರು. ಬಾಲ ಮಾತ್ರ ನಮ್ಮ ಮನೆಯದು. ಕಾಯಿಲೆ ಇರುವವರೆಗೆ, ಅದನ್ನು ಯಾರಿಗೆ ತೋರಿಸಬೇಕೆಂಬ ಗೊಂದಲ ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ ಎಂದು ಅವರು ಮಾತ್ರೆ ಪೊಟ್ಟಣ ಕಟ್ಟುತ್ತಾ ಹೇಳುತ್ತಿದ್ದರು.

ಮೊದಲು ವ್ಯವಸ್ಥೆ ಏನೆಂದು ತಿಳಿಸಿಬಿಡುತ್ತೇನೆ. ನಾನು ಹಳ್ಳಿಯ ಶಾಲೆಯಲ್ಲಿ ಓದಿ, ಮೈಸೂರಿನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮನೆ ಅಶೋಕಪುರಂ. ನಮ್ಮಂಥವರಿಗೂ ಮನೆಯವರಿಗೂ ಒಂದು ಆರೋಗ್ಯ ಯೋಜನೆ ಇದೆ. ಏನೇ ಬಂದರೂ ಮೊದಲು ಡಿಸ್ಪೆನ್ಸರಿಯ ಡಾಕ್ಟರು ನೋಡಬೇಕು. ಅವರು ಚೀಟಿ ಬರೆದುಕೊಟ್ಟರೆ ದೊಡ್ಡಾಸ್ಪತ್ರೆಯ ತಜ್ಞರನ್ನು ಕಾಣಬಹುದು. ಚೀಟಿ ಇಲ್ಲದೆ ಹೋದರೆ ಬಾಗಿಲಲ್ಲೇ ನಮಸ್ಕಾರ ಹೇಳಿ ವಾಪಸ್ಸು ಕಳಿಸುತ್ತಾರೆ.

ಈ ವ್ಯವಸ್ಥೆಯಲ್ಲಿ ಸಿಕ್ಕಿಕೊಂಡದ್ದು ನನ್ನ ಹೆಂಡತಿಯ ಕಣ್ಣು. ಒಂದು ಸಂಜೆ ದೇವರ ಮುಂದೆ ಕೂತು ದೀಪಕ್ಕೆಂದು ಎಣ್ಣೆ ಹಾಕಿದಳು. ಎಣ್ಣೆಯೆಲ್ಲ ನೆಲಕ್ಕೆ ಹೋಯಿತು. ದೀಪ ಒಂದು ಗೇಣು ಆಚೆ ಇತ್ತು. ಎಡಗಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿಗೂ ಮಂಜು ಇಳಿಯುತ್ತಿತ್ತು. ಡಾಕ್ಟರು ನೋಡಿ, "ಡ್ರಾಪ್ಸ್ ಹಾಕಿ, ನೋಡೋಣ" ಎಂದರು. ಹಾಕಿದೆವು. ನೋಡುವುದು ಮಾತ್ರ ಅವಳಿಗೆ ದಿನೇದಿನೇ ಕಷ್ಟವಾಯಿತು.

ಪಕ್ಕದ ಮನೆಯವರ ಕಿವಿ

ಆ ಡಾಕ್ಟರು ಒಳ್ಳೆಯವರು. ಆದರೆ ಚೀಟಿ ಬರೆಯುವುದೆಂದರೆ ಸೋಲು ಒಪ್ಪಿಕೊಂಡ ಹಾಗೆ ಎಂದು ಅವರ ಮನಸ್ಸಿನಲ್ಲಿತ್ತು.

ನಮ್ಮ ಪಕ್ಕದ ಮನೆಯವರು ನನ್ನ ಜೊತೆಯಲ್ಲೇ ಕೆಲಸ ಮಾಡಿದವರು, ಚರ್ಚಿನ ಗಾಯನ ಮೇಳದಲ್ಲಿ ಹಾಡುವವರು. ಕಿವಿ ಮಂದವಾಗಿ, ಉಳಿದವರು ಹಾಡು ಮುಗಿಸಿ ಕೂತ ಮೇಲೂ ಇವರು ಹಾಡುತ್ತಿದ್ದರಂತೆ. ಪಾದ್ರಿಗಳು ಹೇಳಿ ಕಳಿಸಿದ ಮೇಲೆ ಚೀಟಿ ಕೇಳಲು ಬಂದರು.

ಡಾಕ್ಟರು ಕೇಳಿದರು, "ನಾನು ಮಾತಾಡೋದು ಕೇಳಿಸ್ತಾ ಇದೆಯಾ?"

ಇವರು ದೊಡ್ಡವರ ಮುಂದೆ ಮರ್ಯಾದೆಯಿಂದ ತಲೆಯಾಡಿಸಿದರು.

"ಎರಡು ಕಿವೀಲೂ ಕೇಳಿಸುತ್ತಾ?"

ಮತ್ತೆ ತಲೆಯಾಡಿಸಿದರು.

"ಮತ್ತೆ ಚೀಟಿ ಯಾಕೆ ಯಜಮಾನ್ರೇ? ಆರಾಮಾಗಿ ಮನೆಗೆ ಹೋಗಿ."

ಇದಕ್ಕೂ ತಲೆಯಾಡಿಸಿ, ಕೈಮುಗಿದು ಬಂದುಬಿಟ್ಟರು.

ಮಾರನೆಯ ದಿನ ಅವರ ಹೆಂಡತಿಯೇ ಬಂದು ಡಾಕ್ಟರನ್ನು ತರಾಟೆಗೆ ತೆಗೆದುಕೊಂಡರು. ಡಾಕ್ಟರು, "ನಾನು ಕೇಳಿದ್ದಕ್ಕೆಲ್ಲ ಅವರು ಹೂಂ ಅಂದ್ರಲ್ಲಮ್ಮ" ಎಂದರು.

ಆಕೆ ಹೇಳಿದರಂತೆ: "ಮನೇಲೂ ಹಂಗೇ ಡಾಕ್ಟ್ರೇ. ಇಷ್ಟು ವರ್ಷ ಸಂಸಾರ ನಡೆದಿರೋದೇ ಅದರಿಂದ."

ಗೋಡೆಯ ಮೇಲಿನ ನೋಟೀಸು

ಹೀಗಿರುವಾಗ ನಿಯಮ ಬದಲಾಯಿತು. ವಯಸ್ಸಾದ ಸದಸ್ಯರು, ಅವರ ಗಂಡ ಅಥವಾ ಹೆಂಡತಿ ಇನ್ನು ಮುಂದೆ ಚೀಟಿ ಇಲ್ಲದೆ ನೇರವಾಗಿ ತಜ್ಞರನ್ನು ಕಾಣಬಹುದು ಎಂದು ಗೋಡೆಗೆ ನೋಟೀಸು ಅಂಟಿಸಿದರು.

ಎಲ್ಲರೂ ಓದಿದರು. ಓದಿ, ಎಂದಿನಂತೆ ಸಾಲಿನಲ್ಲಿ ನಿಂತರು. ಕಾಂಪೌಂಡರು, "ಚೀಟಿ ಬೇಡ ಕಣ್ರೀ, ನೇರ ಹೋಗಿ" ಎಂದರೆ, ಮುಂದೆ ನಿಂತಿದ್ದವರು, "ಅದು ಸರಿ ಸ್ವಾಮಿ, ಚೀಟಿ ಬೇಡ ಅಂತ ಒಂದು ಚೀಟಿ ಬರ್ದುಕೊಟ್ಬುಡಿ, ಅಲ್ಲಿ ಕೇಳಿದ್ರೆ ತೋರಿಸೋಕಾಯ್ತದೆ" ಎಂದರು. ಹಿಂದಿನವರೆಲ್ಲ, "ನಮಗೂ ಒಂದು" ಎಂದರು.

ನಿಧಾನವಾಗಿ ಜನಕ್ಕೆ ಧೈರ್ಯ ಬಂತು, ಸಾಲು ಕರಗಿತು. ಈಗ ಡಾಕ್ಟರಿಗೆ ಬೇಸರ ಶುರುವಾಯಿತು. ಹಿಂದೆ ಕಾಡಿಬೇಡಿದರೂ ಚೀಟಿ ಕೊಡದವರು, ಕೆಮ್ಮಿಗೆ ಔಷಧಿ ಕೇಳಿ ಬಂದವರನ್ನೂ ಕೂರಿಸಿಕೊಂಡು, "ಹೃದಯದ ಡಾಕ್ಟರಿಗೆ ಬರೆದುಕೊಡ್ಲಾ? ಮೂಳೆಗೆ? ಸುಮ್ಮನೆ ಒಂದು ಇಟ್ಕೊಂಡಿರಿ" ಎನ್ನತೊಡಗಿದರು.

ನಮ್ಮ ಪಕ್ಕದ ಮನೆಯವರು ನೇರವಾಗಿ ಕಿವಿಯ ತಜ್ಞರಲ್ಲಿಗೆ ಹೋದರು. ಅಲ್ಲಿಯ ಕೌಂಟರಿನ ಹುಡುಗಿ ಹಳೆಯ ಅಭ್ಯಾಸದಲ್ಲಿ ಗಟ್ಟಿಯಾಗಿ ಕೇಳಿದಳು, "ಯಾರು ಸಾರ್ ನಿಮ್ಮನ್ನ ಕಳಿಸಿದ್ದು?"

"ನನ್ನ ಹೆಂಡ್ತಿ ಕಣಮ್ಮ."

ಅಷ್ಟಕ್ಕೇ ಒಳಗೆ ಬಿಟ್ಟರಂತೆ.

ನನ್ನ ಬೆನ್ನು

ನಿಯಮದ ಲಾಭ ನಾನೂ ಪಡೆದೆ. ಬೆನ್ನುನೋವಿಗೆ ಮೂಳೆಯವರ ಹತ್ತಿರ ಹೋದೆ, ನರ ಇರಬಹುದು ಎಂದರು. ನರದವರು ಮೂತ್ರಪಿಂಡ ನೋಡಿಸಿ ಎಂದರು. ಮೂತ್ರಪಿಂಡದವರು, ಇದು ಮೂಳೆಯದು ಎಂದರು. ಕೊನೆಗೆ ನಮ್ಮ ಡಿಸ್ಪೆನ್ಸರಿಗೇ ಬಂದೆ. ಡಾಕ್ಟರು ಬಹಳ ಸಂತೋಷಪಟ್ಟು ಕೇಳಿದರು:

"ಪೂಜೆಗೆ ಎಷ್ಟು ಹೊತ್ತು ಕೂರ್ತೀರಿ?"

"ಮುಗಿಯೋವರೆಗೂ."

"ಮಣೆ ಬಿಟ್ಟು ಕುರ್ಚಿ ಹಾಕ್ಕೊಳಿ. ದೇವರು ಬೇಜಾರು ಮಾಡ್ಕೊಳಲ್ಲ."

ನೋವು ಇಳಿಯಿತು. ಆದರೆ ಮನೆಯಲ್ಲಿ ಅದರಿಂದ ಬೇರೆಯದೇ ತೊಂದರೆಯಾಯಿತು. ಅದೇ ಡಾಕ್ಟರು ನನ್ನ ಹೆಂಡತಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಪೊರೆ ಬಲಿತುಬಿಟ್ಟಿದೆ. ಒಳಗೆ ಒತ್ತಡ ಏರಿದರೆ ಕಣ್ಣೇ ಹೋಗುತ್ತೆ. ನಾನು ಮೊದಲೇ ಕಳಿಸಬೇಕಿತ್ತು. ತಡ ಮಾಡ್ಬೇಡಿ" ಎಂದಿದ್ದರು. ನಾನು ಹೊರಡು ಎಂದರೆ ಇವಳು ಏಳಲಿಲ್ಲ.

"ನಿಮ್ಮ ಬೆನ್ನು ಊರೆಲ್ಲ ಸುತ್ತಿ ಮಣೆ ಹತ್ರಕ್ಕೇ ಬಂತು. ನನ್ನ ಕಣ್ಣೂ ಹಂಗೇ ಸುತ್ಬೇಕಾ? ಹೋಗು ಅಂತ ಕಳಿಸೋರು ಒಬ್ರು ಬೇಕು ಕಣ್ರೀ."

"ಡಾಕ್ಟ್ರೇ ಹೋಗು ಅಂದ್ರಲ್ಲ."

"ಅವರು ಈಗ ಎಲ್ಲರಿಗೂ ಹೋಗು ಅಂತಾರೆ. ನಾನು ಅಮ್ಮನವರನ್ನ ಕೇಳ್ತೀನಿ."

ಬಲಗಡೆಯ ಹೂ

ಅಗ್ರಹಾರದ ಒಂದು ಸಣ್ಣ ಗುಡಿಯಲ್ಲಿ ಅಮ್ಮನವರಿದ್ದಾರೆ. ಅರ್ಚಕರು ಒದ್ದೆ ಹೂವನ್ನು ವಿಗ್ರಹದ ಮೇಲೆ ಇಡುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಂಡು ನಿಲ್ಲಬೇಕು. ಬಲಗಡೆಯಿಂದ ಬಿದ್ದರೆ ಆಗಲಿ ಎಂದು, ಎಡಗಡೆಯಿಂದ ಬಿದ್ದರೆ ಬೇಡ ಎಂದು ಅರ್ಥ. ನನಗೂ ಅದರಲ್ಲಿ ನಂಬಿಕೆ ಇದೆ. ಆದರೆ ಆ ದಿನಗಳಲ್ಲಿ ನನ್ನ ನಂಬಿಕೆಗೆ ಸ್ವಲ್ಪ ಅವಸರವಿತ್ತು.

ಮೊದಲ ಶುಕ್ರವಾರ ಹೂ ಅಲುಗಲಿಲ್ಲ. ಅರ್ಚಕರು, "ಅಮ್ಮ ಯೋಚನೆ ಮಾಡ್ತಿದಾಳೆ, ಮುಂದಿನ ವಾರ ಬನ್ನಿ" ಎಂದರು. ಡಿಸ್ಪೆನ್ಸರಿಯಲ್ಲೂ ಹೀಗೇ ಹೇಳುತ್ತಿದ್ದರು.

ಮುಂದಿನ ವಾರ ಎಡಗಡೆಯಿಂದ ಬಿತ್ತು. ನಾನು, "ನೋಡು, ಎಡಗಣ್ಣು ತೋರಿಸು ಅಂತಿದಾಳೆ" ಎಂದೆ.

"ದೇವರ ಮಾತಿಗೆ ನೀವು ಅರ್ಥ ಹೇಳ್ಬೇಡಿ" ಎಂದಳು. ಹಾಗೆ ಹೇಳಿ ತಿರುಗಿದವಳು ಗುಡಿಯ ಕಂಬಕ್ಕೆ ಹಣೆ ಬಡಿಸಿಕೊಂಡಳು. ನಾನು ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ.

ಅದರ ಮುಂದಿನ ಶುಕ್ರವಾರ ನಮ್ಮ ಎದುರು ಸಾಲಿನಲ್ಲಿ ಪಂಚೆ ಉಟ್ಟು ಶಲ್ಯ ಹೊದ್ದ ದಪ್ಪನೆಯ ಮನುಷ್ಯರೊಬ್ಬರು ಕಣ್ಣುಮುಚ್ಚಿ ನಿಂತಿದ್ದರು. ಹೂ ಸರಿಯಿತು, ಬಲಗಡೆಯಿಂದ ಬಿತ್ತು.

"ನಂದು" ಎಂದಳು ಇವಳು.

"ಅಮ್ಮಾ, ಅದು ನಂದು" ಎಂದರು ಅವರು.

"ನಾನು ಮೂರು ವಾರದಿಂದ ಬರ್ತಾ ಇದೀನಿ."

"ನಾನು ಆಗಲೇ ಕೇಳಿಕೊಂಡು ಆಗಿತ್ತಮ್ಮ."

ಅರ್ಚಕರು ಮಂಗಳಾರತಿ ತಟ್ಟೆ ಕೆಳಗಿಟ್ಟು, ಇಬ್ಬರೂ ಏನು ಕೇಳಿಕೊಂಡಿರಿ ಎಂದು ವಿಚಾರಣೆ ಮಾಡಿದರು. ಇವಳು, "ಕಣ್ಣು ತೋರಿಸ್ಲಾ ಅಂತ" ಎಂದಳು. ಅವರು ದನಿ ತಗ್ಗಿಸಿ, "ನನಗೆ ಹರ್ನಿಯಾ. ಆಪರೇಷನ್ ಮಾಡಿಸ್ಕೊಳ್ಲಾ ಅಂತ. ಚಾಕು ಅಂದ್ರೆ ಭಯ" ಎಂದರು.

"ಇಬ್ರದೂ ಒಂದೇ ಪ್ರಶ್ನೆ. ಇಬ್ರೂ ಹೋಗಿ" ಎಂದು ಅರ್ಚಕರು ಹೂವನ್ನು ಎರಡು ಭಾಗ ಮಾಡಿ ಕೊಟ್ಟರು.

ಸೋಮವಾರ ಕಣ್ಣಾಸ್ಪತ್ರೆಗೆ ಹೋದೆವು. ಒಳಗೆ ಮಾಸ್ಕು ಹಾಕಿಕೊಂಡು ಕೂತಿದ್ದ ತಜ್ಞರ ಗಾತ್ರ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅವರಿಗೂ ಗೊತ್ತಾಯಿತು. ನಾನು ಇವಳನ್ನು ಅವರ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ.

ಅವರು ಪರೀಕ್ಷೆ ಮಾಡಿ, "ಸರಿಯಾದ ಹೊತ್ತಿಗೆ ಬಂದಿದೀರಮ್ಮ. ನಾಳೆಯೇ ಆಪರೇಷನ್ ಮಾಡೋಣ. ಭಯಪಡಬೇಡಿ" ಎಂದು ಮೆಲ್ಲಗೆ ಹೇಳಿದರು.

ಇವಳು ಮಂಜಿನೊಳಗಿಂದ ಅವರ ಕಡೆ ನೋಡುತ್ತಾ, "ನನಗೆಂಥ ಭಯ ಡಾಕ್ಟ್ರೇ? ಭಯ ನೋಡ್ಬೇಕಿದ್ರೆ ಗುಡೀಲಿ ಒಬ್ರು ಇದ್ರು. ಅಷ್ಟು ದೊಡ್ಡ ಆಳು, ಚಾಕು ಅಂದ್ರೆ ನಡುಗ್ತಿದ್ರು. ಅಂಥೋರಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳ್ಬೇಕು" ಎಂದಳು.

ಡಾಕ್ಟರು ಬಹಳ ಹೊತ್ತು ಏನೋ ಬರೆದರು.

ಆಪರೇಷನ್ ಚೆನ್ನಾಗಿ ಆಯಿತು. ಮಾರನೆಯ ಬೆಳಿಗ್ಗೆ ಅವರೇ ಬಂದು ಕಣ್ಣಿನ ಪಟ್ಟಿ ಬಿಚ್ಚಿದರು. ಮಾಸ್ಕು ಕೆಳಗೆ ಸರಿಸಿ, "ಏನು ಕಾಣ್ತಿದೆ ಹೇಳಿ" ಎಂದರು. ಇವಳು ಕಣ್ಣು ಮಿಟುಕಿಸಿ, ಅವರ ಮುಖವನ್ನು ನಿಧಾನವಾಗಿ ನೋಡಿ, ಆಮೇಲೆ ಹೊಟ್ಟೆಯ ಕಡೆ ನೋಡಿದಳು.

"ಮಾಡಿಸ್ಕೊಂಡ್ರಾ?"

ಡಾಕ್ಟರು ತಲೆ ತಗ್ಗಿಸಿದರು. "ಇಲ್ಲಮ್ಮ. ಆ ಹೂ ನಿಮ್ಮದೇ ಇರಬಹುದು ಅಂತ ಒಂದು ಅನುಮಾನ."

"ಒಂದು ಕಾಗದ ಕೊಡಿ ಇಲ್ಲಿ" ಎಂದಳು ಇವಳು. "ನಾನು ಬರ್ದುಕೊಡ್ತೀನಿ."

ಆಮೇಲೆ ಅವರೂ ಮಾಡಿಸಿಕೊಂಡರು. ನಿಮ್ಮ ಬೀದಿಯಲ್ಲಿ ಚೀಟಿಗೋ ಹೂವಿಗೋ ಕಾಯುತ್ತಾ ಕೂತವರಿದ್ದರೆ ದಯಮಾಡಿ ಇದನ್ನು ಅವರಿಗೆ ಹೇಳಿ. ಕೇಳಿಸಿತು ಎಂದು ತಲೆಯಾಡಿಸಿದರೆ ಮಾತ್ರ ನಂಬಬೇಡಿ, ಅವರ ಹೆಂಡತಿಗೂ ಒಮ್ಮೆ ಹೇಳಿಬಿಡಿ.