ನಿಂತು ತಿನ್ನುವ ನಿಯಮ

ಡೆಸ್ಮಂಡ್ ಪೀಬಲ್ಸ್‌ನ ಹೊಸ ಬೂಟು ಬೆಳಗಿನಿಂದಲೂ ಹಿಮ್ಮಡಿಯನ್ನು ಕಚ್ಚುತ್ತಿತ್ತು. ಆ ದಿನ ವಾಷಿಂಗ್ಟನ್ನಿನಲ್ಲಿ ನಡೆದದ್ದಕ್ಕೆಲ್ಲ ಮೂಲ ಈ ಬೂಟೇ.

ಇಪ್ಪತ್ತನಾಲ್ಕು ವರ್ಷದ ಡೆಸ್ಮಂಡ್, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯ ಥ್ಯಾಡಿಯಸ್ ಕ್ರಂಪ್ಟನ್ನರ ಸಹಾಯಕ. ಮಸೂದೆಗಳಿಗೆ ಸೇರಬೇಕಾದ ಸಾಲುಗಳನ್ನು ಟೈಪ್ ಮಾಡಿ ಸಮಿತಿಗೆ ಕಳಿಸುವುದು ಅವನ ಕೆಲಸ. ಸಂಬಳವೆಲ್ಲ ಬಾಡಿಗೆಗೆ ಹೋಗುತ್ತಿದ್ದುದರಿಂದ ಹೊಟ್ಟೆಪಾಡು, ಉದ್ಯಮಗಳ ಪರವಾಗಿ ಮಸೂದೆಗಳಿಗೆ ವಶೀಲಿ ಮಾಡುವ ಲಾಬಿಗಾರರ ಸತ್ಕಾರಕೂಟಗಳಲ್ಲಿ ಸಾಗುತ್ತಿತ್ತು. ಸೋಮವಾರ ಸಕ್ಕರೆಯವರು, ಮಂಗಳವಾರ ಸಿಮೆಂಟಿನವರು, ಬುಧವಾರ ವಿಮಾನದವರು. ಅಲ್ಲಿನ ನೀತಿ ನಿಯಮದ ಪ್ರಕಾರ ಇದರಲ್ಲಿ ತಪ್ಪೇನೂ ಇರಲಿಲ್ಲ. ನಿಂತುಕೊಂಡು, ಕಡ್ಡಿಗೆ ಚುಚ್ಚಿಕೊಂಡು ತಿಂದರೆ ಅದು ತಿಂಡಿ. ಕೂತುಕೊಂಡು, ಫೋರ್ಕಿನಲ್ಲಿ ತಿಂದರೆ ಅದು ಊಟ. ತಿಂಡಿ ಸೌಜನ್ಯ, ಊಟ ಲಂಚ. ಹೀಗಾಗಿ ಆ ಊರಿನ ಸಹಾಯಕರೆಲ್ಲ ಕೆರೆದಂಡೆಯ ಕೊಕ್ಕರೆಗಳ ಹಾಗೆ ನಿಂತೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು.

ಆ ಗುರುವಾರ ಮಧ್ಯಾಹ್ನ ಕುರ್ಚಿ ತಯಾರಕರ ಸಂಘದ ಕೂಟ. ಸಭಾಂಗಣದ ಗೋಡೆಯುದ್ದಕ್ಕೂ ನಲವತ್ತು ಬಗೆಯ ಕುರ್ಚಿಗಳು. ಒಂದರಲ್ಲೂ ಯಾರೂ ಕೂರುವಂತಿಲ್ಲ. ಡೆಸ್ಮಂಡ್ ಅರ್ಧ ಗಂಟೆ ತಡೆದುಕೊಂಡ. ಆಮೇಲೆ ಹಿಮ್ಮಡಿಯ ಗುಳ್ಳೆ ಒಡೆಯಿತು. ಅದೇ ಹೊತ್ತಿಗೆ ಕಡ್ಡಿಗಳು ಮುಗಿದು, ಬಡಿಸುವವಳು ಮಾಂಸದ ತುಂಡಿನ ಜತೆ ಅವನ ಕೈಗೊಂದು ಫೋರ್ಕು ಕೊಟ್ಟಳು. ಅವನು ನೀಲಿ ಮೆತ್ತೆಯ ಕುರ್ಚಿಯೊಂದರಲ್ಲಿ ಕುಸಿದು, ಕಣ್ಣು ಮುಚ್ಚಿ ಅಗಿದ. ಅನ್ನನಾಳ ಅನ್ನುವುದೊಂದು ತನಗಿದೆ ಎಂದು ಎಷ್ಟೋ ತಿಂಗಳ ಮೇಲೆ ಅವನಿಗೆ ಅನಿಸಿತು.

ಆಮೇಲೆ ಕಣ್ಣು ತೆರೆದ. ಚರ್ಚಿನ ಪ್ರಾರ್ಥನೆಯ ನಡುವೆ ಸೀಟಿ ಹೊಡೆದವನನ್ನು ನೋಡುವಂತೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸಂಘದ ಲಾಬಿಗಾರ ಕ್ಲೈವ್ ಹಾರ್ನ್ಸ್‌ಬಿ ಆಗಲೇ ಫೋಟೊ ತೆಗೆದು ಫೋನನ್ನು ಜೇಬಿಗೆ ಇಳಿಸುತ್ತಿದ್ದ.

"ಕುರ್ಚಿ ಚೆನ್ನಾಗಿದೆಯೇನಪ್ಪ?"

"ಕಾಲು ನೋಯ್ತಿತ್ತು ಸರ್. ಎರಡೇ ನಿಮಿಷ ಕೂತೆ."

"ಫೋಟೋದಲ್ಲಿ ಕಾಲು ಬಂದಿಲ್ಲ. ಫೋರ್ಕು ಮಾತ್ರ ಮುದ್ದಾಗಿ ಬಂದಿದೆ." ಹಾರ್ನ್ಸ್‌ಬಿ ಅವನ ಕಿವಿಯ ಹತ್ತಿರ ಬಗ್ಗಿದ. "ಖರೀದಿ ಮಸೂದೆಗೆ ಒಂದು ಸಾಲು ಸೇರಿಸು. ಸರ್ಕಾರಿ ಕಚೇರಿಗಳೆಲ್ಲ ಎರಡು ವರ್ಷಕ್ಕೊಮ್ಮೆ ಕುರ್ಚಿ ಬದಲಾಯಿಸಬೇಕು ಅಂತ. ಐದು ಗಂಟೆಗೆ ಸಮಿತಿಗೆ ಹೋಗೋ ಕಾಗದದಲ್ಲಿ ಅದು ಇರಬೇಕು. ಇಲ್ಲದಿದ್ರೆ ಫೋಟೊ ಪತ್ರಿಕೆಗೆ. ನಿನ್ನ ಕೆಲಸದ ಕತೆ ಅಲ್ಲಿಗೆ ಮುಗೀತು."

"ಸಾಹೇಬ್ರು ಓದಿ ನೋಡಲ್ವಾ?"

"ನಿಮ್ಮ ಸಾಹೇಬ್ರು? ಓದೋದಾ?" ಹಾರ್ನ್ಸ್‌ಬಿ ನಗುತ್ತಲೇ ಹೊರಟುಹೋದ.

ಡೆಸ್ಮಂಡ್ ಕುಂಟುತ್ತ ಕಚೇರಿ ಸೇರುವ ಮೊದಲೇ ಸುದ್ದಿ ಸೇರಿತ್ತು. ಮೂವತ್ತು ವರ್ಷದಿಂದ ಅಲ್ಲಿ ಬೇರುಬಿಟ್ಟಿದ್ದ ಮೇಲ್ವಿಚಾರಕಿ ಲೂವೆಲಾ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಮಗನೇ, ಕೂತ್ಯಾ?" ಎಂದಳು. ಅವನು ಕೊಲೆ ಮಾಡಿ ಬಂದಿದ್ದರೂ ಅವಳ ದನಿ ಇಷ್ಟು ನಡುಗುತ್ತಿರಲಿಲ್ಲ.

ಅಕ್ಕಪಕ್ಕದ ಕಚೇರಿಗಳ ಸಹಾಯಕರೂ ಬಂದು ಮೇಜನ್ನು ಮುತ್ತಿಕೊಂಡು, ಹಾರ್ನ್ಸ್‌ಬಿಯ ಬೆದರಿಕೆಯನ್ನು ಅವನ ಬಾಯಿಂದಲೇ ಕೇಳಿದರು.

"ಪೂರ್ತಿ ಕೂತಿದ್ಯಾ, ತುದೀಲಿ ಕೂತಿದ್ಯಾ?"

"ಬೆನ್ನು ಒರಗಿಸಿದ್ರೆ ಕಷ್ಟ ಕಣೋ."

"ಮಾಂಸ ನುಂಗ್ಲೇ ಇಲ್ಲ ಅನ್ನು. ಬಾಯಲ್ಲಿ ಇಟ್ಕೊಂಡಿದ್ದೆ ಅನ್ನು."

"ಮೂರ್ಛೆ ಬಂತು ಅಂತ ಡಾಕ್ಟರ ಚೀಟಿ ತಾ."

"ಮೂರ್ಛೆ ಬಂದೋನು ಫೋರ್ಕು ಹಿಡ್ಕೊಂಡಿರ್ತಾನೇನೋ?"

"ಒಂದು ಸಾಲು ತಾನೇ ಮಾರಾಯ, ಹಾಕಿ ಬಿಸಾಕು. ಇಲ್ಲಿ ದೊಡ್ಡೋರಾದೋರೆಲ್ಲ ಒಂದೊಂದು ಸಾಲು ಹಾಕೇ ದೊಡ್ಡೋರಾದದ್ದು."

ಅವರೆಲ್ಲ ಹೋದಮೇಲೆ ಡೆಸ್ಮಂಡ್ ಒಬ್ಬನೇ ಉಳಿದ. 'ಎಲ್ಲ ಸರ್ಕಾರಿ ಕಚೇರಿಗಳೂ' ಎಂದು ಟೈಪ್ ಮಾಡಿ ನಿಂತ. ಮುಂದಿನ ಪದ ಗೊತ್ತಿತ್ತು, ಅದರ ಮುಂದಿನದೂ ಗೊತ್ತಿತ್ತು. ಕೆಲಸ ಹೋದರೆ ಹೋಗಲಿ, ಕೊಳ್ಳೆ ಹೊಡೆಯುವ ಸಾಲು ತನ್ನ ಕೈಯಿಂದ ಬರಬಾರದು. ಮೂರೂ ಪದಗಳನ್ನು ಅಳಿಸಿ, ಕಚ್ಚುವ ಬೂಟನ್ನು ಕಳಚಿ ಕೈಯಲ್ಲಿ ಹಿಡಿದು, ಅಮೃತಶಿಲೆಯ ಪಡಸಾಲೆಯಲ್ಲಿ ಒಂದು ಕಾಲ್ಚೀಲ, ಒಂದು ಬೂಟಿನಲ್ಲಿ ಟಕ್ ಟಕ್ಕೆನ್ನುತ್ತ, ಇಂಥ ತಪ್ಪುಗಳನ್ನು ವಿಚಾರಿಸುವ ನೀತಿ ಸಮಿತಿಯ ವಕೀಲೆಯ ಬಳಿಗೆ ಹೋದ.

"ಮೇಡಂ, ನಾನು ಕೂತೆ," ಎಂದ.

ಆಕೆ ಪೂರ್ತಿ ಕೇಳಿದಳು. ಬೂಟನ್ನೂ ನೋಡಿದಳು. "ದೂರು ಬರೋಕೆ ಮುಂಚೆ ತಾನಾಗೇ ಬಂದು ಹೇಳಿದೋನು ನನ್ನ ಸರ್ವೀಸಿನಲ್ಲಿ ನೀನೊಬ್ನೇ. ತಿಂದಿದ್ದಕ್ಕೆ ದುಡ್ಡು ಕೊಟ್ಟುಬಿಡು, ಅಲ್ಲಿಗೆ ಮುಗೀತು. ಈಗ ಬೆದರಿಸಿದೋನ ಹೆಸರು ಹೇಳು."

ಮೂರೂವರೆಗೆ ಹಾರ್ನ್ಸ್‌ಬಿಯ ಕೆಲಸ ಹೋಗಿತ್ತು. ಸುದ್ದಿ ಹಬ್ಬಿ ನಾಲ್ಕು ಗಂಟೆಗೆ ಪತ್ರಕರ್ತರು ಪಡಸಾಲೆಯಲ್ಲಿ ತುಂಬಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಕ್ರಂಪ್ಟನ್ ಸಾಹೇಬರು ಬರುವುದನ್ನು ಕಂಡು ಡೆಸ್ಮಂಡ್, ಆಯಿತು, ತನ್ನ ಕೆಲಸಕ್ಕೂ ಇವತ್ತೇ ಕೊನೆ ಎಂದುಕೊಂಡ. ಸಾಹೇಬರು ಬಂದವರೇ ಕ್ಯಾಮೆರಾಗಳ ಎದುರು ಅವನನ್ನು ತಬ್ಬಿಕೊಂಡರು. ಆ ಅಪ್ಪುಗೆಗೆ ಅವನ ಪಕ್ಕೆಲುಬು ನಲುಗಿತು.

"ಇವನು ನನ್ನ ಹುಡುಗ!" ಸಾಹೇಬರು ಗುಡುಗಿದರು. "ಭ್ರಷ್ಟಾಚಾರ ಶುರುವಾಗೋದು ಎಲ್ಲಿ? ಕೂತಲ್ಲಿ! ಕುರ್ಚಿ ಕಂಡ್ರೆ ಮನುಷ್ಯ ಕೂರ್ತಾನೆ, ಕೂತ್ರೆ ತಿಂತಾನೆ. ಇನ್ಮೇಲೆ ಈ ದೇಶದ ಸರ್ಕಾರ ನಿಂತು ಕೆಲಸ ಮಾಡಲಿ!"

ಪಡಸಾಲೆ ಚಪ್ಪಾಳೆಯಿಂದ ನಡುಗಿತು.

"ಬರ್ಕೊ ಮಗನೇ. ಎಲ್ಲ ಸರ್ಕಾರಿ ಕಚೇರಿಗಳಲ್ಲೂ ಕುರ್ಚಿಗಳನ್ನು ತೆಗೆದು, ನಿಂತು ಕೆಲಸ ಮಾಡುವ ಎತ್ತರದ ಮೇಜುಗಳನ್ನು ಹಾಕತಕ್ಕದ್ದು. ನಿನ್ನ ಹೆಸರೇ ಇರಲಿ ಇದಕ್ಕೆ. ಪೀಬಲ್ಸ್ ತಿದ್ದುಪಡಿ!"

ಡೆಸ್ಮಂಡ್‌ಗೆ ಕಣ್ಣು ಮಂಜಾಯಿತು. ಆ ಕಟ್ಟಡದಲ್ಲಿ ಮೂವತ್ತು ವರ್ಷ ತೇದವರ ಹೆಸರೂ ಒಂದು ಸಾಲಿನ ಮೇಲೆ ಕೂತಿರಲಿಲ್ಲ. ಒಂದೇ ಉಸಿರಿಗೆ, ಒಂದೂ ತಪ್ಪಿಲ್ಲದೆ ಟೈಪ್ ಮಾಡಿದ. ಐದಕ್ಕೆ ಐದು ನಿಮಿಷವಿರುವಾಗ ಕಾಗದ ಸಮಿತಿಗೆ ಹೋಯಿತು. ಐದೂಕಾಲಿಗೆ ಒಂದೂ ವಿರೋಧವಿಲ್ಲದೆ ಒಪ್ಪಿಗೆಯಾಯಿತು. ಪ್ರಾಮಾಣಿಕತೆಗೆ ವಿರೋಧವಾಗಿ ಯಾರು ತಾನೇ ಕೈಯೆತ್ತುತ್ತಾರೆ! ಮಧ್ಯಾಹ್ನ ಡಾಕ್ಟರ ಚೀಟಿ ತಾ ಅಂದವರೇ ಬಂದು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು.

ಅಷ್ಟರಲ್ಲಿ ಫೋನು ಬಂತು. ಲೂವೆಲಾ ಅದನ್ನು ಹೆಗಲ ಎತ್ತರಕ್ಕೆ ಚಾಚಿದಳು.

"ಪೀಬಲ್ಸ್ ಅವರಾ? ನಾನು ಕ್ರಂಪ್ಟನ್ನರ ಭಾಮೈದ ಮಾತಾಡ್ತಿರೋದು," ಎಂದಿತು ಒಂದು ಸಂತುಷ್ಟ ದನಿ. "ಎತ್ತರದ ಮೇಜಿನ ಕಾರ್ಖಾನೆ ನಮ್ದೇ. ಒಂದು ಸಾಲು ಹಾಕ್ಸಿ ಭಾವ ಅಂತ ಎರಡು ವರ್ಷದಿಂದ ಕಾಲು ಹಿಡೀತಿದ್ದೆ. ಜನ ಅನುಮಾನ ಪಡ್ತಾರೆ ಕಣೋ, ಯಾರಾದ್ರೂ ಪ್ರಾಮಾಣಿಕನ ಹೆಸರು ಸಿಗೋವರೆಗೂ ತಾಳು ಅಂತಿದ್ರು. ನೀವು ಸಿಕ್ಕಿದ್ದು ನಮ್ಮ ಪುಣ್ಯ ಸ್ವಾಮಿ!"

ಡೆಸ್ಮಂಡ್ ಫೋನನ್ನು ಲೂವೆಲಾಳ ಕೈಗೆ ಮರಳಿ ಕೊಟ್ಟ. ಕೆಳಗಿನವರು ಪೀಬಲ್ಸ್, ಪೀಬಲ್ಸ್ ಎಂದು ಕೂಗುತ್ತಲೇ ಇದ್ದರು.

"ಯಾರು ಮಗನೇ?" ಲೂವೆಲಾ ಕೇಳಿದಳು.

"ಅಭಿನಂದನೆ ಹೇಳೋಕೆ ಮಾಡಿದ್ರು," ಎಂದ.

ಅವನನ್ನು ಇನ್ನೂ ಒಂದು ಗೇಣು ಮೇಲಕ್ಕೆತ್ತಿದರು.