ನನ್ನ ಕಾರಿಗೆ ಕರಿ ಅಂಗಿ

ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿಯಿತೆಂದರೆ ಎತ್ತುಗಳಿಗೆ ವಿಶ್ರಾಂತಿ, ಟ್ರ್ಯಾಕ್ಟರುಗಳಿಗೆ ವಿಶ್ರಾಂತಿ, ನನಗೆ ಮಾತ್ರ ಗಂಡಾಂತರ. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮುಂದೆ ಕೂರುವವರು. ಕಬ್ಬು ಇಲ್ಲವೆಂದರೆ ಅವರ ಕೈ ಖಾಲಿ, ಅವರ ಕೈ ಖಾಲಿಯೆಂದರೆ ಮನೆಯಲ್ಲಿ ಒಂದಿಲ್ಲೊಂದು ವಸ್ತುವಿನ ಆಯುಷ್ಯ ಮುಗಿಯಿತೆಂದೇ ಅರ್ಥ. ಒಂದು ವರ್ಷ ಮಿಕ್ಸರ್ ರಿಪೇರಿ ಮಾಡಿದರು. ಈಗ ಅದು ತಿರುಗುವುದಿಲ್ಲ, ಬರೀ ಒದರುತ್ತದೆ. ಮರುವರ್ಷ ತಾರಸಿ ಸೋರದಂತೆ ಏನೋ ಬಳಿದರು. ಮೊದಲು ಮಳೆ ಬಂದರೆ ಸೋರುತ್ತಿತ್ತು, ಈಗ ಮೋಡ ಕಂಡರೂ ಸೋರುತ್ತದೆ. ಈ ಸಲ ಅವರ ಕಣ್ಣು ನನ್ನ ಕಾರಿನ ಮೇಲೆ ಬಿತ್ತು.

ನನ್ನ ಕಾರು ಎಂದು ಒತ್ತಿ ಹೇಳುತ್ತೇನೆ. ಅಥಣಿಯಿಂದ ಕಾಗವಾಡದ ಹತ್ತಿರದ ಶಾಲೆಗೆ ದಿನಾ ಪಾಠ ಹೇಳಲು ಹೋಗುವವಳು ನಾನು. ಯಜಮಾನರಿಗೆ ಮೋಟರ್‌ಸೈಕಲ್ ಇದೆ. ರಿಪೇರಿಗೆಂದು ಅದನ್ನು ಅವರು ಮುಟ್ಟುವುದಿಲ್ಲ, ಕೆಟ್ಟೀತು ಎಂಬ ಭಯ!

ಮೊಬೈಲಿನಲ್ಲಿ ಯಾರೋ ಪರದೇಶದವನು ಕಾರಿನ ಒಳಗಿನ ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಬಿಚ್ಚಿ, ಅವುಗಳ ಮೇಲೆ ಕಾರ್ಬನ್ ಫೈಬರ್ ಎಂಬ ಕಪ್ಪು ಬಟ್ಟೆ ಹೊದಿಸಿ, ರಾಳ ಬಳಿದು, ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದನಂತೆ.

‘ನೋಡ ಇಲ್ಲೆ, ರೇಸಿನ ಗಾಡಿ ಇದ್ದಂಗ ಕಾಣತೈತಿ,’ ಎಂದರು.

‘ನಾ ಏನ್ ಕಾಗವಾಡಕ್ಕ ರೇಸ್ ಹಚ್ಚಿ ಹೋಗ್ತೀನೇನ್ರಿ?’

‘ಹಚ್ಚಬ್ಯಾಡ. ಹಚ್ಚಿದಂಗ ಕಾಣತೈತಿ, ಅಷ್ಟ.’

ನಾನು ಬೇಡವೆಂದೆ. ಬೇಡವೆಂದದ್ದನ್ನು ಅವರು ‘ಯೋಚನೆ ಮಾಡಿ ಹೇಳುತ್ತೇನೆ’ ಎಂದು ಕೇಳಿಸಿಕೊಂಡರು.

ಗಂಜಿ ತೆಗೆದದ್ದು

ಬಟ್ಟೆ ಪಾರ್ಸಲ್ಲಿನಲ್ಲಿ ಬಂತು. ಕಪ್ಪಗೆ, ಮಿರಮಿರನೆ, ಸಣ್ಣ ಚಾಪೆಯ ಹಾಗೆ ನೇಯ್ದದ್ದು. ಯಜಮಾನರು ಅದನ್ನು ಹಸುಗೂಸಿನ ಹಾಗೆ ಮಂಚದ ಮೇಲೆ ಮಲಗಿಸಿ, ಉಜ್ಜುವ ಉಸುಕಿನ ಕಾಗದ ತರಲು ಪೇಟೆಗೆ ಹೋದರು. ನಾನು ಶಾಲೆಯಲ್ಲಿದ್ದೆ. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ.

ನಮ್ಮ ಅತ್ತೆಯದು ಒಂದು ಕಟ್ಟುನಿಟ್ಟು. ಹೊಸ ಬಟ್ಟೆ ಯಾವುದೇ ಇರಲಿ, ನೀರು ಕಾಣದೆ ಮನೆಯಲ್ಲಿ ಬಳಕೆಗೆ ಬರುವ ಹಾಗಿಲ್ಲ. ಅಂಗಡಿಯ ಗಂಜಿ ಮೈಗೆ ಕೆಟ್ಟದ್ದಂತೆ. ಪಾಪ, ಮಗನಿಗೆ ಒಳ್ಳೆಯದಾಗಲೆಂದೇ ಆ ಬಟ್ಟೆಗೆ ಸಾಬೂನು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ತೃಪ್ತಿಯಾಗುವಷ್ಟು ಬಡಿದು, ಹಿಂಡಿ, ಹಗ್ಗಕ್ಕೆ ಹಾಕಿದ್ದಾರೆ.

ನಾನು ಬಂದಾಗ ಹಗ್ಗದ ಮೇಲೆ ಕಾಗೆ ಗೂಡಿನಂಥದ್ದೊಂದು ಜೋತಾಡುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಅಂಗೈ ಕೆರೆದುಕೊಳ್ಳುತ್ತಿದ್ದರು. ಯಜಮಾನರು ಹಗ್ಗದ ಕೆಳಗೆ, ಸತ್ತವರ ಮಣ್ಣಿಗೆ ಬಂದವರ ಹಾಗೆ ಕೈಕಟ್ಟಿ ನಿಂತಿದ್ದರು.

‘ಅವ್ವಾ, ಏನ್ ಮಾಡಿದಿ ಇದು?’

‘ಗಂಜಿ ತಗದ್ನಿ. ಒಂದ ಒಗತಕ್ಕ ಹಿಂಗ ಎಳಿ ಎಳಿ ಆತು. ಯಾವ ಅಂಗಡ್ಯಾಂವೋ ನಿನಗ ಟೋಪಿ ಹಾಕ್ಯಾನ.’

‘ಅವ್ವಾ, ಇದು ಉಕ್ಕಿಗಿಂತ ಗಟ್ಟಿ ಅರಬಿ! ಇದನ್ನ ವಿಮಾನಕ್ಕ ಹಾಕತಾರ!’

ಅತ್ತೆ ಕೆರೆತ ನಿಲ್ಲಿಸಿ ಮಗನನ್ನು ನೋಡಿದರು. ‘ಯಾಕ, ವಿಮಾನದಾಗಿನವ್ರು ಅರಬಿ ಒಗ್ಯೂದಿಲ್ಲೇನು?’

ಪಾಕ

ಬಟ್ಟೆ ಹಾಳಾಗಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಪೀಡೆ ಹೋಯಿತು ಎಂದುಕೊಂಡಿದ್ದೆ. ಸಿಟ್ಟು ಬಂದದ್ದು ಎರಡನೆಯ ಬಟ್ಟೆ ತರಿಸಿದ್ದಕ್ಕೆ. ಅದು ಬರುವಷ್ಟರಲ್ಲಿ ನನ್ನ ಕಾರಿನ ನಾಲ್ಕೂ ಬಾಗಿಲುಗಳ ಒಳಮೈ, ಗೇರಿನ ಸುತ್ತಲಿನದು, ಮುಂದಿನ ಡಬ್ಬಿಯ ಮುಚ್ಚಳ ಎಲ್ಲ ಬಿಚ್ಚಿ ಯಜಮಾನರು ಪಡಸಾಲೆಯಲ್ಲಿ ಹರಡಿದ್ದರು. ನಾನು ಅವುಗಳ ನಡುವೆ ಕುಂಟಾಬಿಲ್ಲೆ ಆಡುತ್ತ ಅಡುಗೆಮನೆಗೆ ಹೋಗಬೇಕಿತ್ತು.

ರಾಳಕ್ಕೆ ಇನ್ನೊಂದು ಶೀಸೆಯ ಔಷಧ ಕೂಡಿಸಿದರೆ ಅದು ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕೂಡಿಸಬೇಕು ಎಂದು ಶೀಸೆಯ ಮೇಲೆ ಬರೆದಿತ್ತು. ನಮ್ಮವರು ಘಳಿಗೆಗೊಮ್ಮೆ ಯಾರು ಕಲಸುತ್ತಾರೆಂದು ಎಲ್ಲವನ್ನೂ ಒಂದೇ ಸಲಕ್ಕೆ ಕಲಸಿದರು. ಯಾವುದರಲ್ಲಿ? ಹೋಳಿಗೆಯ ಹೂರಣ ಕಲಸಲು ನನ್ನ ತವರಿನವರು ಕೊಟ್ಟ ದೊಡ್ಡ ಬೋಗುಣಿಯಲ್ಲಿ. ಯಾವುದರಿಂದ? ನನ್ನ ಸಾರಿನ ಸೌಟಿನಿಂದ.

ಸ್ವಲ್ಪ ಹೊತ್ತಿಗೆ ಬೋಗುಣಿ ತಾನೇ ಕಾಯತೊಡಗಿತು. ಒಲೆಯಿಲ್ಲ, ಬೆಂಕಿಯಿಲ್ಲ, ಹೊಗೆ ಮಾತ್ರ ಬುಸುಬುಸು. ಮಗ್ಗುಲ ಮನೆಯ ಚಾಚಿ ಗೋಡೆಯ ಮೇಲಿಂದ ಇಣುಕಿ, ‘ಬಾಯಾರ, ಏನ್ ಸೀದ ಹೋತ್ರಿ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬೋಗುಣಿಯೊಳಗೆ ಬಗ್ಗಿ ನೋಡಿ ತೀರ್ಪು ಕೊಟ್ಟರು: ‘ಪಾಕ ಏರೇತಿ. ಬೆಲ್ಲ ಸುಮಾರ ಐತಿ.’

‘ಅವ್ವಾ, ಬೆಲ್ಲ ಅಲ್ಲದು!’

‘ಬೆಲ್ಲನೂ ಹಾಕದ ಪಾಕ ಮಾಡಾಕ ಕುಂತೀಯೇನ?’

ಯಜಮಾನರು ಸೌಟು ಹಿಡಿದು ಎಳೆದರು. ಸೌಟಿನ ಜೊತೆ ಬೋಗುಣಿಯೂ ಎದ್ದು ಬಂತು. ಇವತ್ತಿಗೂ ಅವೆರಡನ್ನು ಅಗಲಿಸಲು ಆಗಿಲ್ಲ. ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಅಡ್ಡ ಇಟ್ಟಿದ್ದೇವೆ. ಬಂದವರೆಲ್ಲ, ‘ಬಾಗಲಕಲ್ಲಿಗಿ ಹಿಡಕಿ ಭಾಳ ಛಲೋ ಕೂಡಿಸೀರಿ,’ ಎಂದು ಹೊಗಳಿ ಹೋಗುತ್ತಾರೆ. ಹೊಗಳಿಕೆ ಯಜಮಾನರಿಗೆ, ಸೌಟು ನನ್ನದು.

ಕೆರೆತ

ಮತ್ತೆ ರಾಳ ತರಿಸಿ, ಬಟ್ಟೆ ಹೊದಿಸಿ ಬಳಿದದ್ದಾಯಿತು. ಒಣಗಿದ ಮೇಲೆ ಉಸುಕಿನ ಕಾಗದದಿಂದ ಉಜ್ಜುವ ಕೆಲಸ. ಆ ಕರಿ ಧೂಳು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಮಾತ್ರ ತಿಳಿಯುತ್ತದೆ. ಹಗ್ಗದ ಮೇಲಿದ್ದ ನನ್ನ ಸೀರೆಗಳ ಮೇಲೆಲ್ಲ ಅದು ಕೂತಿತ್ತು. ಉಜ್ಜಿದವರು ಬನಿಯನ್ನಿನ ಮೇಲೆ ಹಾಯಾಗಿದ್ದರು. ಶಾಲೆಗೆ ಹೋಗಿ ಕರಿಹಲಗೆಯ ಮುಂದೆ ಕುತ್ತಿಗೆ, ಬೆನ್ನು, ಮೊಣಕೈ ಕೆರೆದುಕೊಂಡವಳು ನಾನು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನೋಡಿದರೆ ನನ್ನ ಕುರ್ಚಿ ಕಿಟಕಿಯ ಹತ್ತಿರ ಒಂದೇ ನಿಂತಿದೆ. ಉಳಿದ ಕುರ್ಚಿಗಳೆಲ್ಲ ಎದುರಿನ ಗೋಡೆಗೆ. ಹೆಡ್‌ಮಾಸ್ತರರು ದೂರದಿಂದಲೇ ಬೇವಿನ ಸೊಪ್ಪು ಚಾಚಿದರು.

‘ಸರ್, ಇದು ಕಜ್ಜಿ ಅಲ್ರಿ, ಕಾರ್ಬನ್.’

ಅವರು ಬಹಳ ಮೃದುವಾಗಿ ತಲೆಯಾಡಿಸಿದರು. ‘ಆತ್ರಿ ಬಾಯಾರ, ನಾಚಕೋಬ್ಯಾಡ್ರಿ. ನಮ್ಮ ಮನ್ಯಾಗ ಬಂದಾಗ ನಾವೂ ಅದಕ್ಕ ಬ್ಯಾರೆ ಹೆಸರ ಹೇಳತಿದ್ವಿ.’

ಕಾಗವಾಡದ ನಾಕಾ

ಅತ್ತೆಯ ಕಣ್ಣು ತೋರಿಸಲು ಮಿರಜಕ್ಕೆ ಹೋಗಬೇಕಿತ್ತು. ಉಜ್ಜಿ ಮತ್ತೊಮ್ಮೆ ರಾಳ ಬಳಿದ ಕಾರಿನ ಒಳಭಾಗಗಳು ಇನ್ನೂ ತಾರಸಿಯ ಮೇಲಿದ್ದವು. ಬಾಗಿಲುಗಳೊಳಗಿನ ತಗಡು, ತೂತು, ವೈರು ಎಲ್ಲ ಹೊರಗೆ. ಆದರೂ ಗಾಡಿ ಓಡುತ್ತಿತ್ತು, ಹೊರಟೆ. ಕಾಗವಾಡದ ಗಡಿಯ ತಪಾಸಣೆ ನಾಕಾದಲ್ಲಿ ಪೊಲೀಸಪ್ಪ ಕೈ ಮಾಡಿದ. ಒಳಗೆ ನೋಡಿದವನ ಹುಬ್ಬು ಟೋಪಿಯೊಳಗೆ ಹೋಯಿತು.

‘ಬಾಯಾರ, ಬಾಗಲದ ಒಳಮೈ ಎಲ್ಲೈತ್ರಿ?’

‘ಮನ್ಯಾಗ ಐತ್ರಿ.’

‘ಮನ್ಯಾಗ ಏನ್ ಮಾಡಾಕತ್ತೈತಿ?’

‘ಮಾಳಗಿ ಮ್ಯಾಲ ಒಣಾಕ ಹಾಕೇವ್ರಿ.’

ಹಿಂದಿನ ಸೀಟಿನಿಂದ ಅತ್ತೆ ಬಿಡಿಸಿ ಹೇಳಿದರು: ‘ಶಾವಿಗಿ ಮಗ್ಗಲ್ಕ.’

ಅವನಿಗೆ ಸಂಶಯ ಬಂತು. ಗೋವಾದ ಕಳ್ಳ ಸಾರಾಯಿಯ ಬಾಟಲಿ ತುಂಬಲು ಬಾಗಿಲ ಹೊಟ್ಟೆ ಖಾಲಿ ಮಾಡಿದ್ದಾರೆಂದು ತಿಳಿದು, ತೋಳು ಮಡಚಿ ಒಂದೊಂದೇ ಬಾಗಿಲೊಳಗೆ ಕೈ ಹಾಕಿದ. ಮಕ್ಕಳಿಗೆ ಪಾಠ ಹೇಳುವ ನನಗೆ ನಾಕಾದ ಜನರೆದುರು ಕಳ್ಳಿಯ ಹಾಗೆ ನಿಲ್ಲುವ ಪ್ರಸಂಗ! ಹಿಂದಿನ ಬಾಗಿಲಲ್ಲಿ ಅವನ ಕೈಗೆ ಏನೋ ಸಿಕ್ಕಿತು. ಎಳೆದರೆ, ಕಿಟಕಿಯ ಕಾಜಿನ ಸಂದಿಯಿಂದ ಎಂದೋ ಜಾರಿ ಬಿದ್ದ ಅಡಕೊತ್ತು.

‘ಅಯ್ಯ ನನ್ನಪ್ಪಾ!’ ಎಂದು ಅತ್ತೆ ಅದನ್ನು ಕಸಿದುಕೊಂಡರು. ‘ದೀಪಾವಳಿಯಿಂದ ಹುಡಕಾಕತ್ತಿದ್ನಿ. ಸೊಸಿ ತವರಮನಿಗಿ ಒಯ್ದಾಳಂತ ಮಾಡಿದ್ನಿ!’

‘ಏನಂದ್ರಿ?’ ಎಂದೆ ನಾನು.

ಅತ್ತೆಗೆ ನನ್ನ ಕಡೆ ಲಕ್ಷ್ಯವೇ ಇಲ್ಲ. ಪೊಲೀಸಪ್ಪನ ತೋಳು ಹಿಡಿದು, ‘ತಮ್ಮಾ, ಇನ್ನೊಂದ ಸ್ವಲ್ಪ ಕೈ ಹಾಕಪಾ. ಬೆಳ್ಳಿ ಸುಣ್ಣದ ಡಬ್ಬಿನೂ ಹೋಗೇತಿ. ಅದನೂ ಇಕಿನ ಒಯ್ದಾಳಂತ ಮಾಡೇನಿ,’ ಎಂದರು.

ಅವನು ನನ್ನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ತೋಳು ಇಳಿಸಿಕೊಂಡ. ‘ಹೋಗ್ರಿ ಬಾಯಾರ. ಇದು ನಮ್ಮ ಠಾಣೆದ ಕೇಸಲ್ಲ, ನಿಮ್ಮ ಮನಿದು.’

ನಿಪ್ಪಾಣಿಯ ಬೀಗರು

ಕಡೆಯದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೈದುನನಿಗೆ ನಿಪ್ಪಾಣಿಯಲ್ಲಿ ಹೆಣ್ಣು ಒಪ್ಪಿಗೆಯಾಗಿತ್ತು. ಲಗ್ನದ ಮಾತು ಮುಗಿಸಲು ನಾವು ಮೊದಲ ಸಲ ಬೀಗರ ಮನೆಗೆ ಹೊರಟಿದ್ದೆವು. ಇದಕ್ಕೂ ಮೊದಲು ರಾಯಬಾಗದ ಒಂದು ಸಂಬಂಧ, ಚಹಾ ತಣ್ಣಗಿತ್ತೆಂದು ನಮ್ಮ ಕಡೆಯ ಹಿರಿಯರೊಬ್ಬರು ಮುಖ ಗಂಟು ಹಾಕಿದ್ದರಿಂದ ಮುರಿದಿತ್ತು. ಅದಕ್ಕೇ ಅತ್ತೆ ಮನೆಯಲ್ಲೇ ತಾಕೀತು ಮಾಡಿದ್ದರು: ‘ಯಾರೂ ಮಾರಿ ಸಿಂಡರಿಸಬ್ಯಾಡ್ರಿ. ಹಲ್ಲ ಕಿಸದ ಕುಂದರ್ರಿ.’

ಅದೇ ಮುಂಜಾನೆ ಯಜಮಾನರು ಎಲ್ಲ ಭಾಗಗಳನ್ನೂ ಗಡಿಬಿಡಿಯಲ್ಲಿ ಕಾರಿಗೆ ಕೂಡಿಸಿದರು. ಸುಳ್ಳು ಹೇಳಬಾರದು, ಥಳಥಳ ಹೊಳೆಯುತ್ತಿತ್ತು. ಅವರು ಸ್ಟೇರಿಂಗ್ ಹಿಡಿದರು, ಅತ್ತೆ ಮುಂದೆ, ನಾನು ಮತ್ತು ಮೈದುನ ಹಿಂದೆ. ಚಿಕ್ಕೋಡಿ ದಾಟುವವರೆಗೂ ಅವರು ರಸ್ತೆಗಿಂತ ಬಾಗಿಲನ್ನೇ ಹೆಚ್ಚು ನೋಡಿದರು.

ಬೀಗರ ಮನೆಯ ಮುಂದೆ ಹೆಣ್ಣಿನ ತಂದೆ, ಆರತಿ ಹಿಡಿದ ತಾಯಿ, ಕೋಲೂರಿದ ಮುದುಕ ಅಜ್ಜ, ಓಣಿಯ ಮಂದಿ ಎಲ್ಲ ಕಾದಿದ್ದರು. ಕಾರು ನಿಂತಿತು. ಯಜಮಾನರು ಬಾಗಿಲ ಹಿಡಿಕೆ ಎಳೆದರು. ಹಿಡಿಕೆ ಕೈಗೇ ಬಂತು. ಅತ್ತೆ ಎಳೆದರು, ಅದೂ ಬಂತು. ಗಾಡಿ ಓಡತೊಡಗಿದರೆ ನಾಲ್ಕೂ ಬಾಗಿಲು ತಾವೇ ಲಾಕ್ ಆಗುತ್ತವೆ. ಅವನ್ನು ತೆರೆಯುವ ಸರಿಗೆ, ಕಾಜು ಇಳಿಸುವ ವೈರು ಒಂದನ್ನೂ ಈ ಮಹಾನುಭಾವರು ಸಿಕ್ಕಿಸಿರಲಿಲ್ಲ!

‘ಹೆಂಗ ಕಾಣತೈತಿ ಅನ್ನೂದನ್ನಷ್ಟ ನೋಡಿದ್ನಿ,’ ಎಂದರು ಸಣ್ಣ ದನಿಯಲ್ಲಿ.

ಹೊರಗೆ ಹೆಣ್ಣಿನ ತಂದೆ ಕೈಮುಗಿದು, ‘ಯಾ ಯಾ, ಬರ್ರಿ, ಇಳೀರಿ,’ ಎಂದು ಅರ್ಧ ಮರಾಠಿಯಲ್ಲಿ ಕೂಗಿ ಕರೆದರು. ಅತ್ತೆ ಬಾಗಿಲು ತೆರೆಯುತ್ತಿಲ್ಲ ಎನ್ನಲು ಜೋರಾಗಿ ಕೈ ಅಲ್ಲಾಡಿಸಿದರು. ಅವರಿಗೆ ಅದು ‘ಒಲ್ಲೆ’ ಎಂದು ಕಂಡಿತು. ಅವರ ಮುಖ ಬಿಳಿಚಿತು.

‘ಮಾನಪಾನದಾಗ ಏನಾರ ಚೂಕ ಆಗೇತೇನ್ರಿ? ಚಹಾ ಫಳಾರ ಅಂದಿದ್ವಿ, ಬ್ಯಾಡ, ಊಟಾನ ಮಾಡಸ್ತೀವ್ರಿ!’

ಆ ಹೊತ್ತಿಗೆ ಅತ್ತೆ ಮಗನ ಕಡೆ ತಿರುಗಿ, ‘ನಿನ್ನ ಕೈ ಸೇದಿ ಹೋಗಲೋ!’ ಎಂದು ಹಲ್ಲು ಕಚ್ಚಿ ಬೈಯುತ್ತಿದ್ದರು. ಕಾಜಿನ ಹೊರಗೆ ದನಿ ಕೇಳಿಸಲಿಲ್ಲ, ಸಿಟ್ಟಿನ ಮುಖ ಮಾತ್ರ ಕಂಡಿತು.

‘ಹೋಳಗಿ ಊಟಾ ರೀ! ತುಪ್ಪಾ ಹಾಕಿ!’ ಎಂದು ಹೆಣ್ಣಿನ ತಂದೆ ಕೂಗಿದರು. ತಾಯಿಯ ಕಣ್ಣಲ್ಲಿ ನೀರು. ನನ್ನ ಮಗ್ಗುಲಲ್ಲಿ ಮೈದುನನ ಕಣ್ಣಲ್ಲೂ ನೀರು. ‘ವೈನಿ, ಇದೂ ರಾಯಬಾಗ ಆಕೈತಿ,’ ಎಂದ.

ಅಷ್ಟರಲ್ಲಿ ಹೆಣ್ಣಿನ ಅಣ್ಣ ಕಾಜಿಗೆ ಮೂಗು ಹಚ್ಚಿ ಒಳಗಿನ ಹೊಳಪು ನೋಡಿ, ‘ಖರೇ ಕಾರ್ಬನ್ ಏನ್ರಿ?’ ಎಂದು ಸನ್ನೆ ಮಾಡಿದ. ನಮ್ಮವರು ಮುರಿದ ಹಿಡಿಕೆ ಹಿಡಿದ ಕೈಯಲ್ಲೇ ಹೆಬ್ಬೆರಳು ಎತ್ತಿ ತೋರಿಸಿದರು. ಆ ಕ್ಷಣ ನನಗೆ ಬಂದ ಸಿಟ್ಟಿಗೆ ಕಾಜು ತಾನೇ ಒಡೆಯಬೇಕಿತ್ತು.

ನನಗೇ ಹೊಳೆಯಿತು. ಹಿಂದಿನ ಸೀಟಿನ ಬೆನ್ನಿಗೇ ಇರುವ ಡಿಕ್ಕಿಯನ್ನು ತೆರೆಯುವ ಕೊಂಡಿ ಡ್ರೈವರ್ ಸೀಟಿನ ಕೆಳಗಿದೆ, ಅದಕ್ಕೆ ಅವರ ಕೈ ತಾಗಿಲ್ಲ. ಯಜಮಾನರಿಂದ ಅದನ್ನು ಎಳೆಸಿದೆ. ಡಿಕ್ಕಿ ಟಪ್ಪೆಂದು ಮೇಲೆದ್ದಿತು. ಆದರೆ ಅತ್ತೆ ಮೊದಲು ನಮ್ಮೆಲ್ಲರಿಂದ ಪಿಸುದನಿಯಲ್ಲಿ ಆಣೆ ಮಾಡಿಸಿಕೊಂಡರು: ‘ಗಾಡಿ ಕೆಟ್ಟೈತಿ ಅಂತ ಒಬ್ರೂ ಬಾಯಿ ಬಿಡಬ್ಯಾಡ್ರಿ. ಗಂಡಿನ ಕಡ್ಯಾವ್ರ ಮರ್ಯಾದಿ ಹೋಕ್ಕೈತಿ.’

ಹೇಳಿದವರೇ ಕಚ್ಚೆ ಬಿಗಿದು, ಸೀಟು ಹತ್ತಿ, ನನ್ನ ಹೆಗಲು ತುಳಿದು, ಹಿಂದುಮುಂದಾಗಿ ಡಿಕ್ಕಿಯಿಂದ ಇಳಿದರು. ಎಲ್ಲರಿಗಿಂತ ಮೊದಲು ಆರತಿ ಸಿಕ್ಕಿದ್ದು ಅವರ ಬೆನ್ನಿಗೆ. ಹಿಂದೆ ನಾನು, ಯಜಮಾನರು, ಕಡೆಗೆ ಹೊಸ ಅಂಗಿಯ ಮದುಮಗ. ಓಣಿಯೇ ಬಾಯಿ ತೆರೆದು ನಿಂತಿತ್ತು.

‘ಇದ್ಯಾಕ್ರಿ ಹಿಂಗ?’ ಎಂದು ಹೆಣ್ಣಿನ ತಂದೆ ಅಂಜುತ್ತ ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: ‘ನಮ್ಮ ಕಡೆ ಮದಲನೇ ಸಲ ಬೀಗರ ಮನಿಗಿ ಬಂದ್ರ ಹಿಂಗ ಇಳ್ಯೂದ ಪದ್ಧತಿ.’

‘ಹಂಗೇನ್ರಿ! ನಮಗ ಗೊತ್ತಿರಲಿಲ್ರಿ, ಚೂಕ ಆತು,’ ಎಂದು ಅವರು ಮತ್ತೆ ಕೈಮುಗಿದರು. ಹೋಳಿಗೆ ಊಟವಾಯಿತು, ತುಪ್ಪ ಬಿತ್ತು, ಮಾತು ಮುಗಿದು ಲಗ್ನ ಗಟ್ಟಿಯಾಯಿತು. ಮೈದುನ ನಕ್ಕ. ನಾನೂ ಗಂಡನನ್ನು ಅರ್ಧ ಕ್ಷಮಿಸಿದೆ.

ಕೆಲವು ದಿನಗಳ ಮೇಲೆ ಬೀಗರು ನಮ್ಮ ಮನೆ ನೋಡಲು ಅಥಣಿಗೆ ಬಂದರು. ಅವರದು ಹೊಚ್ಚ ಹೊಸ ಕಾರು, ನಾಲ್ಕೂ ಬಾಗಿಲು ನೆಟ್ಟಗಿದ್ದವು. ನಾನು ಆರತಿ ಹಿಡಿದು ಬಾಗಿಲ ಹತ್ತಿರ ನಿಂತೆ. ಯಾರೂ ಇಳಿಯಲಿಲ್ಲ. ಒಳಗೆ ಏನೋ ಒದ್ದಾಟ, ಗೊಣಗಾಟ. ಆಮೇಲೆ ಟಪ್ಪೆಂದು ಡಿಕ್ಕಿ ಮೇಲೆದ್ದಿತು. ಮೊದಲು ಒಂದು ಕೋಲು ಹೊರಬಂತು, ಅದರ ಹಿಂದೆ ಹಿಂದುಮುಂದಾಗಿ ಧೋತರದ ಕಾಲು. ಮೊಮ್ಮಗ ಒಳಗಿನಿಂದ ನೂಕಿದ, ಅಜ್ಜ ಕೆಳಗಿಳಿದು ಟೋಪಿ ಸರಿಮಾಡಿಕೊಂಡು, ಏದುಸಿರು ಬಿಡುತ್ತ ಅತ್ತೆಗೆ ಕೈಮುಗಿದು ಹೇಳಿದರು:

‘ಸೊಂಟ ಹೋದ್ರ ಹೋಗಲಿ ಬಾಯಾರ, ನಿಮ್ಮ ಪದ್ಧತಿ ಮುರದ್ರು ಅಂತ ನಾಳೆ ನಮ್ಮ ಹುಡುಗೀಗಿ ಯಾರೂ ಅನಬಾರದು.’